ಬಂದೂಕಿನ ಜೊತೆ ಕಲಿತ ಕಸುಬು

ಸೈನ್ಯಕ್ಕೆ ಸೇರುವ ಹುಡುಗ ಹೊರಗೆ ಬಂದ ಮೇಲಿನ ಬದುಕನ್ನು ಮೊದಲೇ ಲೆಕ್ಕ ಹಾಕಿ ‘ಟ್ರೇಡ್’ ಆರಿಸಿಕೊಂಡರೆ ನಮ್ಮಲ್ಲಿ ಹಲವರಿಗೆ ಅದು ಹಿಡಿಸುವುದಿಲ್ಲ. ದೇಶ ಕಾಯಲು ಹೊರಟವನಿಗೆ ಮುಂದಿನ ಹೊಟ್ಟೆಪಾಡಿನ ಚಿಂತೆ ಏಕೆ ಎನ್ನುತ್ತಾರೆ. ಭರ್ತಿ ರ‍್ಯಾಲಿಯ ಸಾಲಿನಲ್ಲಿ ನಿಂತವನು ‘ಜನರಲ್ ಡ್ಯೂಟಿ ಬೇಡ, ಟೆಕ್ನಿಕಲ್ ಸಿಕ್ಕರೆ ಸಾಕು’ ಎಂದರೆ ಅವನ ದೇಶಪ್ರೇಮಕ್ಕೆ ಒಂದು ಗುಂಜಿ ಕಡಿಮೆ ತೂಕ ಕೊಡುತ್ತಾರೆ. ಇತಿಹಾಸ ತೆರೆದು ನೋಡಿದರೆ ಈ ಲೆಕ್ಕಾಚಾರ ಹುಡುಗನ ತಲೆಯಲ್ಲಿ ಹುಟ್ಟಿದ್ದಲ್ಲ ಎಂಬುದು ಕಾಣುತ್ತದೆ. ಕಸುಬು ಬಲ್ಲ ಸೈನಿಕನನ್ನು ತಯಾರು ಮಾಡಿದ್ದು ಸೈನ್ಯವೇ. ಅವನು ಹೊರಗೆ ಬಂದಾಗ ಆ ಕಸುಬಿನಿಂದಲೇ ಬದುಕಬೇಕು ಎಂದು ತೀರ್ಮಾನಿಸಿದ್ದು ಸರ್ಕಾರವೇ. ಕೊರತೆ ಬೇರೆ ಕಡೆ ಇದೆ. ಒಳಗೆ ಕಲಿತದ್ದಕ್ಕೆ ಹೊರಗಿನ ನಾಗರಿಕ ವ್ಯವಸ್ಥೆ ಪೂರ್ತಿ ಬೆಲೆ ಕೊಟ್ಟದ್ದು ಕಡಿಮೆ.

ಮೊದಲು ವಯಸ್ಸಿನ ಲೆಕ್ಕ ನೋಡೋಣ. 2022ರ ತನಕ ಸಿಪಾಯಿ ಸೇರುತ್ತಿದ್ದದ್ದು ಹದಿನೇಳು ಹದಿನೆಂಟರಿಂದ ಇಪ್ಪತ್ತೊಂದು ಇಪ್ಪತ್ತಮೂರರ ನಡುವೆ. ಪಿಂಚಣಿಗೆ ಬೇಕಾದ ಕನಿಷ್ಠ ಸೇವೆ 15 ವರ್ಷ. ಹವಾಲ್ದಾರ್, ಸುಬೇದಾರ್ ಎಂದು ಮೇಲೇರದವನು ಮೂವತ್ತೈದು ನಲವತ್ತರ ಆಸುಪಾಸಿನಲ್ಲಿ ಟ್ರಂಕು ಹೊತ್ತು ಮನೆಗೆ ಬರುತ್ತಾನೆ. ಬೇರೆ ಇಲಾಖೆಯ ಗುಮಾಸ್ತನಿಗೆ ಆ ವಯಸ್ಸಿನಲ್ಲಿ ಇನ್ನೂ ಎರಡು ಬಡ್ತಿ ಬಾಕಿ ಇರುತ್ತವೆ. ಇವನ ಮಕ್ಕಳು ಪ್ರೈಮರಿ ಶಾಲೆಯಲ್ಲಿ ಇರುತ್ತಾರೆ, ತಂಗಿಯ ಮದುವೆಯ ಸಾಲ ತೀರಿರುವುದಿಲ್ಲ, ಮನೆಗೆ ಪಾಯ ಮಾತ್ರ ಬಿದ್ದಿರುತ್ತದೆ. ದುಡಿಯುವ ವಯಸ್ಸು ಇನ್ನೂ ಇಪ್ಪತ್ತು ಇಪ್ಪತ್ತೈದು ವರ್ಷ ಉಳಿದಿರುತ್ತದೆ. ಸೈನ್ಯಕ್ಕೆ ಎಳೆಯ ದೇಹ ಬೇಕು, ಆದ್ದರಿಂದ ಬೇಗ ಬಿಡುಗಡೆ ಮಾಡುತ್ತದೆ. ಅದು ಸರಿಯಾದ ನೀತಿಯೇ. ಆದರೆ ಅರ್ಧ ಬದುಕನ್ನು ಮಾತ್ರ ಕೊಳ್ಳುವ ನೌಕರಿಗೆ ಸೇರುವಾಗ ಉಳಿದರ್ಧದ ಬಗ್ಗೆ ಯೋಚಿಸಬೇಡ ಎಂದು ಯಾರಿಗೂ ಹೇಳಲಾಗದು.

ಈ ಕಥೆಯ ಹಳೆಯ ಅಧ್ಯಾಯವೊಂದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಇದೆ. ಇಂದು ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂದು ಕರೆಯುವ ದಳ 1780ರಲ್ಲಿ ಮದ್ರಾಸ್ ಪಯೊನಿಯರ್ಸ್ ಹೆಸರಿನಲ್ಲಿ ಶುರುವಾಯಿತು. ಮುಂದೆ ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾಗಿ ಬೆಂಗಳೂರನ್ನು ನೆಲೆ ಮಾಡಿಕೊಂಡಿತು. ಫೌಜಿನ ಮುಂದೆ ನಡೆದು ದಾರಿ ಕಡಿಯುವುದು, ಹೊಳೆಗೆ ಸೇತುವೆ ಕಟ್ಟುವುದು, ಕೋಟೆಯ ಬುಡಕ್ಕೆ ಸುರಂಗ ತೋಡುವುದು ಇವರ ಕೆಲಸ. ಹಾಗಾಗಿ ಇಲ್ಲಿ ಬಂದೂಕು ಹಿಡಿಯಲು ಬಂದರೆ ಸಾಲದು, ಬಡಗಿ, ಕಮ್ಮಾರ, ಗಾರೆಯವ, ಫಿಟ್ಟರ್ ಯಾವುದಾದರೂ ಒಂದು ಆಗಲೇಬೇಕಿತ್ತು. 1912ರಲ್ಲಿ ಈ ದಳದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಬೆಂಗಳೂರಿನಲ್ಲಿ ರೂಪಿಸಿದ ‘ಬ್ಯಾಂಗಲೋರ್ ಟಾರ್ಪಿಡೊ’ ಎರಡು ಮಹಾಯುದ್ಧಗಳಲ್ಲೂ ಬಳಕೆಗೆ ಬಂತು. ಅದರ ಕೆಲಸ ಸರಳ: ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದರ ತುದಿಗೆ ಇನ್ನೊಂದನ್ನು ಜೋಡಿಸುತ್ತಾ ಮುಳ್ಳುತಂತಿ ಬೇಲಿಯ ಅಡಿಗೆ ತಳ್ಳುವುದು, ಆಮೇಲೆ ಸಿಡಿಸಿ ದಾರಿ ಬಿಡಿಸುವುದು. ಕೊಳವೆಗೆ ಕೊಳವೆ ಕೂಡಿಸುವ ಕೈ ಯುದ್ಧಭೂಮಿಯಲ್ಲೂ ನಲ್ಲಿ ಹಾಕುವ ಮನೆಯಲ್ಲೂ ಒಂದೇ ಎನ್ನುವುದು ಇದರಲ್ಲಿ ಕಾಣುತ್ತದೆ. ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಹಲವು ದಳಗಳು ಮೇಲುಜಾತಿಗಳನ್ನೇ ಹುಡುಕಿ ಭರ್ತಿ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಈ ದಳದಲ್ಲಿ ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳವರು ದೊಡ್ಡ ಸಂಖ್ಯೆಯಲ್ಲಿದ್ದರು. ಕಮ್ಮಾರಿಕೆ ಕಮ್ಮಾರನ ಮಗನಿಗೆ, ಬಡಗಿತನ ಬಡಗಿಯ ಮಗನಿಗೆ ಎಂದು ಕಸುಬು ಹುಟ್ಟಿನಿಂದ ಬರುತ್ತಿದ್ದ ಸಮಾಜದಲ್ಲಿ, ಕುಲುಮೆಯ ಹತ್ತಿರ ನಿಲ್ಲಲೂ ಬಿಡದ ಮನುಷ್ಯನ ಕೈಗೆ ಸುತ್ತಿಗೆ ಕೊಟ್ಟು ಕಲಿಸಿದ ಶಾಲೆ ಸೈನ್ಯವಾಗಿತ್ತು. ಅಂಥವನಿಗೆ ಟ್ರೇಡ್ ಎಂದರೆ ಸಂಬಳದ ದರ್ಜೆ ಮಾತ್ರ ಆಗಿರಲಿಲ್ಲ. ಊರಿಗೆ ಮರಳಿದಾಗ ಹಳೆಯ ಬಿಟ್ಟಿ ಚಾಕರಿಗೆ ಹಿಂದಿರುಗದೆ ಬದುಕಲು ಇದ್ದ ಒಂದೇ ದಾರಿಯೂ ಅದಾಗಿರಬಹುದು.

ಸ್ಯಾಪರ್ಸ್ ದಳದಲ್ಲಿ ಸಾವಿರಗಳ ಲೆಕ್ಕದಲ್ಲಿದ್ದ ಕಸುಬುದಾರ ಸೈನಿಕರ ಸಂಖ್ಯೆ ಎರಡನೆಯ ಮಹಾಯುದ್ಧದಲ್ಲಿ ಇಡೀ ಸೈನ್ಯಕ್ಕೆ ಹಬ್ಬಿ ಲಕ್ಷಗಳಾಯಿತು. 1939ರಲ್ಲಿ ಸುಮಾರು ಎರಡು ಲಕ್ಷವಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ ಇಪ್ಪತ್ತೈದು ಲಕ್ಷ ಮುಟ್ಟಿತು. ಲಾರಿ, ಟ್ಯಾಂಕು, ವೈರ್‌ಲೆಸ್, ವಿಮಾನಗಳ ಆ ಯುದ್ಧಕ್ಕೆ ಎತ್ತಿನ ಗಾಡಿ ಬಿಟ್ಟರೆ ಬೇರೆ ಚಕ್ರ ಮುಟ್ಟದ ಹಳ್ಳಿ ಹುಡುಗರನ್ನು ಕೆಲವೇ ತಿಂಗಳಲ್ಲಿ ಡ್ರೈವರ್, ಮೆಕ್ಯಾನಿಕ್, ವೆಲ್ಡರ್ ಮಾಡಬೇಕಾಯಿತು. ಸರ್ಕಾರ ತಾಂತ್ರಿಕ ತರಬೇತಿ ಯೋಜನೆ ಶುರು ಮಾಡಿತು. ವಾಹನ, ಯಂತ್ರಗಳ ರಿಪೇರಿಗೆಂದೇ 1943ರಲ್ಲಿ ಎಲೆಕ್ಟ್ರಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್‌ಗಳ ಪ್ರತ್ಯೇಕ ದಳ ಹುಟ್ಟಿತು. ಯುದ್ಧ ಮುಗಿಯುವ ಸೂಚನೆ ಸಿಕ್ಕ ಕೂಡಲೇ ಇವರೆಲ್ಲ ಏನಾಗಬೇಕು ಎಂಬ ಪ್ರಶ್ನೆ ಎದ್ದಿತು. ಉತ್ತರವಾಗಿ 1945ರ ಜುಲೈನಲ್ಲಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ಸ್ಥಾಪನೆಯಾಯಿತು. ಸೈನ್ಯದಿಂದ ಬಿಡುಗಡೆಯಾದವರಿಗೂ ಯುದ್ಧದ ಕಾರ್ಖಾನೆಗಳಿಂದ ಹೊರಬಿದ್ದವರಿಗೂ ಕೆಲಸ ಹುಡುಕಿಕೊಡುವುದು ಅದರ ಉದ್ದೇಶ. ನಮ್ಮ ತಂದೆ, ಅಜ್ಜಂದಿರು ಪದವಿ ಮುಗಿದ ಕೂಡಲೇ ಹೋಗಿ ಹೆಸರು ನೋಂದಾಯಿಸಿ, ಕಾರ್ಡು ನವೀಕರಿಸುತ್ತಾ ಕಾದ ‘ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್’ ಹುಟ್ಟಿದ್ದು ಹೀಗೆ, ಸೈನಿಕನಿಗಾಗಿ. ದೇಶ ವಿಭಜನೆಯಾದಾಗ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ, 1948ರಲ್ಲಿ ಎಲ್ಲ ನಿರುದ್ಯೋಗಿಗಳಿಗೆ ಅದರ ಬಾಗಿಲು ತೆರೆಯಿತು. ಐಟಿಐಗಳ ಆಡಳಿತವನ್ನು ನೋಡಿಕೊಂಡದ್ದೂ ಇದೇ ನಿರ್ದೇಶನಾಲಯ. ಈ ಕಚೇರಿಗಳು, ಐಟಿಐಗಳು ರಾಜ್ಯಗಳ ಕೈಗೆ ಬಂದದ್ದು 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ. ಸೈನಿಕನ ನಂತರದ ಬದುಕಿಗೆಂದು ಮಾಡಿದ ಏರ್ಪಾಡು ಇಡೀ ದೇಶದ ಉದ್ಯೋಗ ವ್ಯವಸ್ಥೆಗೆ ತಳಪಾಯವಾಯಿತು ಎಂದಮೇಲೆ, ಆ ಬದುಕನ್ನು ಕುರಿತು ಸೈನಿಕ ಯೋಚಿಸುವುದೇ ತಪ್ಪು ಎನ್ನುವ ಮಾತಿಗೆ ಬೆಲೆ ಎಲ್ಲಿಯದು?

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಈ ಲೆಕ್ಕ ಕೈಗೂಡಲು ಬೆಂಗಳೂರಿನಷ್ಟು ಅನುಕೂಲವಾಗಿದ್ದ ಊರು ಕಡಿಮೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. ನಂತರ 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. ಜಾಲಹಳ್ಳಿಯಲ್ಲಿ ಒಂದು ಕಡೆ ವಾಯುಪಡೆಯ ತಾಂತ್ರಿಕ ಶಿಕ್ಷಣ ಕೇಂದ್ರ, ಅದೇ ಬಡಾವಣೆಯಲ್ಲಿ ರೇಡಿಯೊ, ರೇಡಾರ್ ಮಾಡುವ ಕಾರ್ಖಾನೆ. ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು ಮುಗಿಸಿ, ಮುಂದೆ ತನ್ನ ಟ್ರೇಡ್ ಕಲಿತು ಏರ್‌ಮನ್ ಆದವನು ಏನು ಕಲಿಯುತ್ತಿದ್ದ ಎಂಬುದನ್ನು ಹ್ಯಾಂಗರಿನೊಳಗೆ ಹೋಗಿ ನೋಡಬೇಕು. ಗೋಡೆಯ ಹಲಗೆಯ ಮೇಲೆ ಒಂದೊಂದು ಸ್ಪ್ಯಾನರಿನ, ಸ್ಕ್ರೂಡ್ರೈವರಿನ ಆಕಾರವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಉಪಕರಣ ತೆಗೆದರೆ ಅದರ ನೆರಳು ಮಾತ್ರ ಉಳಿಯುತ್ತದೆ. ಕೆಲಸ ಮುಗಿದು ಎಂಜಿನ್ನಿನ ಮುಚ್ಚಳ ಹಾಕುವ ಮುಂಚೆ ಹಲಗೆಯ ಮೇಲೆ ಒಂದು ನೆರಳೂ ಖಾಲಿ ಇರಕೂಡದು. ಇದ್ದರೆ ಆ ಸ್ಪ್ಯಾನರ್ ವಿಮಾನದ ಹೊಟ್ಟೆಯಲ್ಲಿದೆ ಎಂದೇ ಅರ್ಥ, ಸಿಗುವ ತನಕ ವಿಮಾನ ಹಾರುವುದಿಲ್ಲ. ಬೋಲ್ಟು ಬಿಗಿದ ಮೇಲೆ ಅದು ತಾನಾಗಿ ಬಿಚ್ಚದಂತೆ ಸಣ್ಣ ತಂತಿಯಿಂದ ಹೆಣೆದು ಬಂಧಿಸಬೇಕು, ಹೆಣಿಗೆ ಬಿಗಿಯುವ ದಿಕ್ಕಿಗೇ ಎಳೆಯುತ್ತಿರಬೇಕು. ಕೊನೆಗೆ ವಿಮಾನದ ನಿರ್ವಹಣೆಯ ದಾಖಲೆ ‘ಫಾರಂ 700’ರಲ್ಲಿ ಸಹಿ. ಇಪ್ಪತ್ತೆರಡರ ಹುಡುಗನ ಆ ಸಹಿಯನ್ನು ನಂಬಿ ಪೈಲಟ್ ಮೇಲೇರುತ್ತಾನೆ. ಹದಿನೈದು ಇಪ್ಪತ್ತು ವರ್ಷ ಹೀಗೆ ಸಹಿ ಹಾಕಿದವನು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಬಂದರೆ ಅವನಿಗೆ ಹೊಸದಾಗಿ ಕಲಿಸಬೇಕಾದದ್ದು ಅಷ್ಟೇನೂ ಇರುವುದಿಲ್ಲ.

ಟ್ರೇಡ್ ಆರಿಸುವವನು ಹುಡುಗನಲ್ಲ, ಸೈನ್ಯ, ಹಾಗಾಗಿ ಆಯ್ಕೆಯ ಮಾತೇ ಸುಳ್ಳು ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಇದರಲ್ಲಿ ಸತ್ಯಾಂಶವಿದೆ. ಎತ್ತರ, ಎದೆಯಳತೆ, ಪರೀಕ್ಷೆಯ ಅಂಕ, ಖಾಲಿ ಇರುವ ಜಾಗ ಇವು ಸೇರಿ ತೀರ್ಮಾನ ಆಗುತ್ತದೆ. ಏರ್‌ಮನ್‌ಗಳನ್ನು ತಾಂತ್ರಿಕ ‘ಎಕ್ಸ್’, ತಾಂತ್ರಿಕೇತರ ‘ವೈ’ ಗುಂಪೆಂದು ವಿಂಗಡಿಸುವ ಪದ್ಧತಿಯೂ ಇತ್ತು. ಆದರೆ ಆಯ್ಕೆ ಭರ್ತಿಯ ದಿನ ಶುರುವಾಗುವುದಿಲ್ಲ. ಅದು ಎಸ್‌ಎಸ್‌ಎಲ್‌ಸಿ ಆದಮೇಲೆ ವಿಜ್ಞಾನ ತಗೊಳ್ಳಬೇಕೋ ಬೇಡವೋ ಎಂಬಲ್ಲಿ, ಐಟಿಐ ಸೇರುವುದೋ ರ‍್ಯಾಲಿಗೆ ಓಡುವುದೋ ಎಂಬಲ್ಲಿ ಶುರುವಾಗುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಬೆಳಗಾವಿ ಸುತ್ತಿನ, ವಿಜಯಪುರ, ಬಾಗಲಕೋಟೆ ಕಡೆಯ, ಕೊಡಗಿನ ಸೈನಿಕ ಕುಟುಂಬಗಳಲ್ಲಿ ರಜೆಗೆ ಬಂದ ಮಾವ, ಚಿಕ್ಕಪ್ಪಂದಿರ ಮಾತಿಗೆ ಹೆಚ್ಚಿನ ತೂಕವಿರುವುದು ಇದಕ್ಕೇ. ಯಾವ ಟ್ರೇಡಿನವನು ಹೊರಗೆ ಬಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ, ಯಾವನು ಅದೇ ಬ್ಯಾಂಕಿನ ಕೌಂಟರಿನ ಒಳಗೆ ಕೂತ ಎಂಬುದು ಅಂಥ ಮನೆಗಳಿಗೆ ಚೆನ್ನಾಗಿ ಗೊತ್ತು.

ಎಲ್ಲರೂ ಹೀಗೆ ಯೋಚಿಸಿದರೆ ಗಡಿಯಲ್ಲಿ ನಿಲ್ಲುವವರು ಯಾರು ಎಂಬುದು ಇನ್ನೊಂದು ಆಕ್ಷೇಪ, ಮೊದಲಿನದಕ್ಕಿಂತ ಭಾರವಾದದ್ದು. ಎದುರಾಳಿಯ ಗುಂಡಿಗೆ ಮೊದಲು ಎದೆಯೊಡ್ಡುವ ಪದಾತಿ ಕಲಿತ ವಿದ್ಯೆಗೆ ಹೊರಗೆ ಗಿರಾಕಿ ಇಲ್ಲ. ಹೆಚ್ಚು ಅಪಾಯ ಹೊತ್ತವನಿಗೆ ಕೊನೆಗೆ ಸಿಗುವುದು ಸೆಕ್ಯುರಿಟಿ ಗಾರ್ಡಿನ ಹನ್ನೆರಡು ತಾಸಿನ ಪಾಳಿ. ಈ ಅನ್ಯಾಯ ನಿಜ, ನೋವಿನದು. ಆದರೆ ಅದಕ್ಕೆ ಮೆಕ್ಯಾನಿಕ್ ಆಗಲು ಬಯಸಿದ ಹುಡುಗನನ್ನು ದೂರುವುದರಲ್ಲಿ ಅರ್ಥವಿಲ್ಲ. ಪದಾತಿಯವನಿಗೂ ಒಂದು ಕಸುಬು ಕಲಿಸಿ ಕಳಿಸುವ ಹೊಣೆ ಸರ್ಕಾರದ್ದು. ಬೋಲ್ಟಿಗೆ ತಂತಿ ಹೆಣೆದ ಕೈ ಯುದ್ಧದಲ್ಲಿ ಹಿಂದೆ ಸರಿಯಿತು ಎನ್ನಲು ಇತಿಹಾಸದಲ್ಲಿ ಆಧಾರವೂ ಇಲ್ಲ. ಗುಂಡಿನ ಮಳೆಯಲ್ಲಿ ಸೇತುವೆ ಕಟ್ಟುವವನು ಸ್ಯಾಪರೇ.

ಸರ್ಕಾರ ಏನೂ ಮಾಡಲಿಲ್ಲ ಎನ್ನಲಾಗದು. ಕೇಂದ್ರದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10, ‘ಡಿ’ಯಲ್ಲಿ ಶೇ 20, ಸಾರ್ವಜನಿಕ ಉದ್ದಿಮೆ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಇದೇ ಎರಡು ದರ್ಜೆಗಳಿಗೆ ಕ್ರಮವಾಗಿ ಶೇ 14.5 ಮತ್ತು ಶೇ 24.5 ಮೀಸಲು ಬಂತು. ಮೆಟ್ರಿಕ್ ಆಗಿ 15 ವರ್ಷ ಸೇವೆ ಮಾಡಿದವನನ್ನು, ತಾಂತ್ರಿಕವಲ್ಲದ ‘ಸಿ’ ಹುದ್ದೆಗಳ ಮಟ್ಟಿಗೆ, ಪದವೀಧರನಿಗೆ ಸಮ ಎಂದು 1986ರಲ್ಲಿ ಒಪ್ಪಿಕೊಂಡಿತು. ಈ ಒಪ್ಪಿಗೆಯನ್ನು ಗಮನವಿಟ್ಟು ಓದಬೇಕು. ಅದು ಅವನ ಕಸುಬಿಗೆ ಕೊಟ್ಟ ಬೆಲೆಯಲ್ಲ, ಕಳೆದ ವರ್ಷಗಳಿಗೆ ಕೊಟ್ಟ ಬೆಲೆ. ರೇಡಾರ್ ರಿಪೇರಿ ಮಾಡಿದವನನ್ನೂ ಉಗ್ರಾಣದ ಲೆಕ್ಕ ಬರೆದವನನ್ನೂ ಒಂದೇ ಗುಮಾಸ್ತಿಕೆಯ ಸಾಲಿಗೆ ನಿಲ್ಲಿಸಿತು. ಯುದ್ಧವಿಮಾನಕ್ಕೆ ಸಹಿ ಹಾಕುತ್ತಿದ್ದವನ ಸಹಿ ಪ್ರಯಾಣಿಕರ ವಿಮಾನಕ್ಕೆ ನಡೆಯುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರೀಕ್ಷೆಗಳನ್ನು ಬರೆದು ಲೈಸೆನ್ಸ್ ಪಡೆಯಬೇಕು. ಪರೀಕ್ಷೆ ಇರಲಿ, ಸುರಕ್ಷತೆಗೆ ಅದು ಬೇಕು. ಆದರೆ ಆ ಪರೀಕ್ಷೆಗೆ ಸೇವೆಯಲ್ಲಿರುವಾಗಲೇ ತಯಾರು ಮಾಡಿ ಕಳಿಸುವುದು ಆಯಾ ಸೈನಿಕನ ಸ್ವಂತ ಹುಮ್ಮಸ್ಸಿಗೆ ಬಿಟ್ಟ ವಿಷಯವಾಗಬಾರದಿತ್ತು.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನು ತೋರಿಸಿ, ಟ್ರೇಡ್ ಮುಖ್ಯವಲ್ಲ, ಛಲ ಮುಖ್ಯ ಎನ್ನುವವರಿದ್ದಾರೆ. ಅವರು ಸೈನ್ಯ ಬಿಟ್ಟು ಬೇಸಾಯಕ್ಕೆ ಇಳಿದರು, ಆಮೇಲೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್ ಕಟ್ಟಿದರು. ಹೆಸರಿನ ‘ಕ್ಯಾಪ್ಟನ್’ ಸೈನ್ಯದ್ದು, ವಿಮಾನದ್ದಲ್ಲ. ಅವರ ಸಾಧನೆ ದೊಡ್ಡದು. ಆದರೆ ಅಧಿಕಾರಿಯಾಗಿ ಇಂಗ್ಲಿಷು, ಆತ್ಮವಿಶ್ವಾಸ, ಪರಿಚಯಗಳೊಂದಿಗೆ ಹೊರಬಂದವರ ಬದುಕಿನಿಂದ ಸಿಪಾಯಿಗೆ ಸೂತ್ರ ಕಟ್ಟಲಾಗದು. ಸಿಪಾಯಿಯ ಕೈಗೆ ಸಿಗುವ ಬಂಡವಾಳ ಅವನ ಕಸುಬೊಂದೇ.

2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆ ಈ ಹಳೆಯ ಪ್ರಶ್ನೆಯನ್ನು ಹದಿನೈದು ವರ್ಷದಿಂದ ನಾಲ್ಕಕ್ಕೆ ಎಳೆದು ತಂದಿದೆ. ನಾಲ್ಕು ವರ್ಷದ ನಂತರ ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಮಂದಿ ಸೈನ್ಯದಲ್ಲಿ ಉಳಿಯುತ್ತಾರೆ. ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ, ಒಂದು ಕೌಶಲ ಪ್ರಮಾಣಪತ್ರ ಹಿಡಿದು, ಪಿಂಚಣಿ ಇಲ್ಲದೆ, ಇಪ್ಪತ್ತೈದರ ಒಳಗೋ ಆಚೀಚೆಗೋ ಮನೆಗೆ ಬರುತ್ತಾರೆ. ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧದಷ್ಟನ್ನು ಸೇವೆಯಲ್ಲಿ ಕಲಿತದ್ದಕ್ಕೇ ಕೊಟ್ಟು ಪದವಿ ನೀಡುವ ಏರ್ಪಾಡನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಪ್ರಕಟಿಸಿದೆ. 1986ರ ಒಪ್ಪಿಗೆಗಿಂತ ಇದು ಮುಂದಿನ ಹೆಜ್ಜೆ, ಏಕೆಂದರೆ ಇಲ್ಲಿ ವರ್ಷಗಳನ್ನಲ್ಲ, ಕಲಿಕೆಯನ್ನು ಎಣಿಸುತ್ತಾರೆ. ಆದರೆ ನಾಲ್ಕು ವರ್ಷದಲ್ಲಿ ಕವಾಯತು, ಪಹರೆ, ರಜೆ ಕಳೆದು ಕಸುಬಿಗೆ ಉಳಿಯುವುದೆಷ್ಟು? ಹ್ಯಾಂಗರಿನ ಆ ನೆರಳಿನ ಹಲಗೆಯ ಮುಂದೆ ಸಾವಿರ ಸಲ ನಿಂತು ಬಂದ ಶಿಸ್ತು ಪ್ರಮಾಣಪತ್ರದ ಕಾಗದದಲ್ಲಿ ಇಳಿಯುವುದಿಲ್ಲ. 2022ರ ಕೊನೆಗೆ, 2023ರ ಆರಂಭಕ್ಕೆ ಸೇರಿದ ಮೊದಲ ತಂಡಗಳ ನಾಲ್ಕು ವರ್ಷ ತುಂಬುವುದು 2026–27ರಲ್ಲಿ. ಅವರು ಆ ಕಾಗದವನ್ನು ಕಾರ್ಖಾನೆಯ ಮೇಜಿನ ಮೇಲಿಟ್ಟಾಗ ಎದುರಿಗೆ ಕೂತ ಅಧಿಕಾರಿ ಮೊದಲು ಕೇಳುವ ಪ್ರಶ್ನೆ ‘ಯಾವ ಟ್ರೇಡ್?’ ಎಂಬುದೇ ಆಗಿರುತ್ತದೆ.