ಪ್ರಾಥಮಿಕ ಶಿಕ್ಷಣದ ಅವಧಿ ವಿಸ್ತರಣೆ (ಸಾಗರ, ಹೊಸನಗರ, ತೀರ್ಥಹಳ್ಳಿ)

ಏಳನೇ ತರಗತಿಗೆ ಮುಗಿಯುತ್ತಿದ್ದ ಪ್ರಾಥಮಿಕ ಶಿಕ್ಷಣವನ್ನು ಎಂಟಕ್ಕೆ ಒಯ್ದ ಕ್ರಮ. ಕರ್ನಾಟಕದಲ್ಲಿ ಇದಕ್ಕೆ ಕಾನೂನಿನ ಬಲ ಬಂದದ್ದು 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯಿಂದ. ಶಿವಮೊಗ್ಗ ಜಿಲ್ಲೆಯ ಈ ಮೂರು ಮಲೆನಾಡು ತಾಲ್ಲೂಕುಗಳಲ್ಲಿ ಆ ಒಂದು ವರ್ಷದ ತರಗತಿ ಯಾವ ಊರಿನಲ್ಲಿ ನಡೆಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಮೈಸೂರು ಸಂಸ್ಥಾನ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರ ಶಾಸನದ ಮೂಲಕ, ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣವನ್ನು ಆರಂಭಿಸಿತು. ಆದರೆ ಮಲೆನಾಡಿನಲ್ಲಿ ಮೇಲಿನ ತರಗತಿಗೆ ಹೋಗುವುದೆಂದರೆ ಮನೆ ಬಿಡುವುದೇ ಆಗಿತ್ತು. ಕುವೆಂಪು (ಜನನ 1904) ಕುಪ್ಪಳಿಯ ಮನೆಯಲ್ಲೇ ಅಕ್ಷರ ಕಲಿತು, ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ ಓದಿ, ಹೈಸ್ಕೂಲಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಗೆ ಹೋಗಬೇಕಾಯಿತು. ಜಮೀನ್ದಾರಿ ಮನೆತನಕ್ಕೆ ಅದು ಸಾಧ್ಯವಿತ್ತು. ಗೇಣಿ ಒಕ್ಕಲಿನ ಮಕ್ಕಳಿಗೆ ಇರಲಿಲ್ಲ.

ಹದಿನಾಲ್ಕು ವರ್ಷದವರೆಗಿನ ಶಿಕ್ಷಣದ ಗುರಿಯನ್ನು ಸಂವಿಧಾನದ 45ನೇ ವಿಧಿಯೇ ಹೇಳಿತ್ತು. 2002ರ 86ನೇ ತಿದ್ದುಪಡಿ ಅದನ್ನು ಮೂಲಭೂತ ಹಕ್ಕಾಗಿಸಿತು. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 8ನೇ ತರಗತಿಯನ್ನು ಒಂದೇ ಘಟಕವೆಂದು ಕರೆದರೆ, ಕರ್ನಾಟಕದ ಹಿರಿಯ ಪ್ರಾಥಮಿಕ ಶಾಲೆ ನಿಲ್ಲುತ್ತಿದ್ದುದು ಏಳಕ್ಕೆ. ಕೇರಳ, ಮಹಾರಾಷ್ಟ್ರ, ಗುಜರಾತ್‌ಗಳಲ್ಲೂ ಇದೇ ಪದ್ಧತಿ ಇತ್ತು. ಆಯ್ದ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎಂಟನೇ ತರಗತಿ ಸೇರಿಸುವ ಕೆಲಸ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ನಡೆಯಿತು. ಆದರೂ ಎಂಟನ್ನು ಹೈಸ್ಕೂಲಿನ ಮೊದಲ ವರ್ಷವೆಂದೇ ಕಾಣುವ ರೂಢಿ ಹೋಗಲಿಲ್ಲ. ಸರ್ಕಾರದ ಉಚಿತ ಸೈಕಲ್ ಯೋಜನೆ ಎಂಟನೆಯವರನ್ನೇ ಆರಿಸಿಕೊಂಡದ್ದು ಏಳರ ನಂತರ ದಾರಿ ಉದ್ದವಾಗುತ್ತದೆಂಬ ಲೆಕ್ಕದಿಂದ. ಘಟ್ಟದ ಏರಿನಲ್ಲಿ ಆ ಸೈಕಲ್ಲನ್ನು ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚಾಗಿತ್ತು.

ದೂರದ ಮಾತು ಇಲ್ಲಿ ಲಘುವಲ್ಲ. ಮನೆಗಳು ತೋಟ-ಗದ್ದೆಗಳ ಅಂಚಿನಲ್ಲಿ ಒಂಟಿಯಾಗಿವೆ. ತೀರ್ಥಹಳ್ಳಿಯ ಆಗುಂಬೆ, ಹೊಸನಗರದ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿನಲ್ಲಿವೆ. ಜೂನ್‌ನಿಂದ ಹಳ್ಳ ದಾಟಲು ಅನೇಕ ಕಡೆ ಕಾಲುಸಂಕವೇ ಗತಿ. ಶಿಕ್ಷಣ ಹಕ್ಕು ಕಾಯ್ದೆಯಡಿಯ ಕೇಂದ್ರದ ಮಾದರಿ ನಿಯಮ 5ನೇ ತರಗತಿಯವರೆಗೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕೆನ್ನುತ್ತದೆ. ನೆರೆ, ಗುಡ್ಡ ಕುಸಿತದ ಭಯವಿರುವಲ್ಲಿ ಈ ಮಿತಿಯನ್ನು ಇನ್ನೂ ಇಳಿಸಬೇಕು, ಶಾಲೆ ಕಟ್ಟಲಾಗದ ಸಣ್ಣ ಊರುಗಳಿಗೆ ವಾಹನ ಅಥವಾ ವಸತಿ ಒದಗಿಸಬೇಕು ಎಂದೂ ಅದರಲ್ಲಿದೆ. ಮಲೆನಾಡಿಗೆ ಕಾಯ್ದೆಯ ಇತರ ಭಾಗಗಳಿಗಿಂತ ಈ ಎರಡು ಸಾಲುಗಳೇ ಹೆಚ್ಚು ಬೇಕಾದವು, ಚರ್ಚೆಗೆ ಬಂದದ್ದು ಮಾತ್ರ ಕಡಿಮೆ.

ಜಲಾಶಯಗಳು ದೂರವನ್ನು ಮತ್ತಷ್ಟು ಹಿಗ್ಗಿಸಿದವು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ ತಾಲ್ಲೂಕಿನ ತುಮರಿ, ಬ್ಯಾಕೋಡು ಕಡೆಯ ಊರುಗಳನ್ನು ತಾಲ್ಲೂಕು ಕೇಂದ್ರದಿಂದ ಬೇರ್ಪಡಿಸಿತು. ದಶಕಗಳ ಕಾಲ ಸಾಗರದ ಕಾಲೇಜಿಗೆ ಹೋಗುವವರು ಲಾಂಚ್ ಕಾಯಬೇಕಿತ್ತು, ಇಲ್ಲವೇ ಹಾಸ್ಟೆಲ್ ಅಥವಾ ನೆಂಟರ ಮನೆ ಸೇರಬೇಕಿತ್ತು. ಈ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ರಂದು.

ಎಂಟನೆಯ ವರ್ಷಕ್ಕೆ ಶಿಕ್ಷಕರೂ ಬೇಕಾದರು. 6ರಿಂದ 8ಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರೆಂಬ ಬೇರೆ ವೃಂದ ರಚನೆಯಾಯಿತು. 2022ರಲ್ಲಿ ಇಂಥ 15,000 ಹುದ್ದೆಗಳಿಗೆ ನೇಮಕಾತಿ ಹೊರಟಿತು. ವರ್ಷಗಳಿಂದ ಏಳನೆಯವರೆಗೆ ಪಾಠ ಹೇಳುತ್ತಿದ್ದ ಶಿಕ್ಷಕರನ್ನು 1ರಿಂದ 5ಕ್ಕೆ ಸೀಮಿತಗೊಳಿಸಿದ್ದಕ್ಕೆ ಶಿಕ್ಷಕರ ಸಂಘ ಪ್ರತಿಭಟಿಸಿತು. ಆ ದೂರಿನಲ್ಲಿ ಹುರುಳಿಲ್ಲದಿಲ್ಲ: ಮಕ್ಕಳು ಕಡಿಮೆಯಿರುವ ಮಲೆನಾಡಿನ ಶಾಲೆಗಳಲ್ಲಿ ಒಬ್ಬಿಬ್ಬರೇ ಎಲ್ಲ ತರಗತಿಗಳನ್ನೂ ನೋಡಿಕೊಳ್ಳುತ್ತಾರೆ, ವೃಂದದ ಗೆರೆ ಅಲ್ಲಿ ಹೆಸರಿಗಷ್ಟೇ.

ವಿಸ್ತರಣೆಯ ಮಾತು ಎಂಟಕ್ಕೇ ನಿಂತಿಲ್ಲ. 2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಪೂರ್ವಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುತ್ತವೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ 2+8+4 (ಪೂರ್ವಪ್ರಾಥಮಿಕ, ಪ್ರಾಥಮಿಕ, ಪ್ರೌಢ) ವರ್ಷಗಳ ರಚನೆಯನ್ನೂ ಶಿಕ್ಷಣ ಹಕ್ಕನ್ನು 18 ವರ್ಷದವರೆಗೆ ವಿಸ್ತರಿಸುವುದನ್ನೂ ಶಿಫಾರಸು ಮಾಡಿತು. ಹಾಗಾದರೆ ಪಿಯುಸಿಯೂ ಹಕ್ಕಿನ ವ್ಯಾಪ್ತಿಗೆ ಬರುತ್ತದೆ. ಪಿಯು ಕಾಲೇಜುಗಳು ತಾಲ್ಲೂಕು ಕೇಂದ್ರ, ಹೋಬಳಿ ಊರುಗಳಲ್ಲೇ ಹೆಚ್ಚಿರುವ ಇಲ್ಲಿ ಅದು ಬಸ್ಸು ಮತ್ತು ಹಾಸ್ಟೆಲಿನ ಹಕ್ಕೂ ಆಗಬೇಕಾಗುತ್ತದೆ.