ಕುಳಿ ಬೀಳುವ ಮುನ್ನ

ಮಗುವಿನ ಹಲ್ಲು ಹುಳುಕಾಗಿದೆಯೆಂದು ಮನೆಯವರಿಗೆ ಗೊತ್ತಾಗುವುದು ಹೆಚ್ಚಾಗಿ ಅದು ರಾತ್ರಿ ನಿದ್ದೆಗೆಟ್ಟು ಅತ್ತಾಗ. ಅಷ್ಟು ಹೊತ್ತಿಗೆ ಹುಳುಕು ಎನಾಮೆಲ್ ದಾಟಿ ಒಳಗಿನ ನರದ ಹತ್ತಿರ ಹೋಗಿರುತ್ತದೆ. ಅದಕ್ಕೂ ತಿಂಗಳುಗಟ್ಟಲೆ ಮೊದಲೇ ಮೇಲಿನ ಬಾಚಿ ಹಲ್ಲುಗಳಲ್ಲಿ, ವಸಡಿಗೆ ಅಂಟಿಕೊಂಡಂತೆ, ಸುಣ್ಣದ ಬಣ್ಣದ ಮಂಕು ಗೆರೆಯೊಂದು ಮೂಡಿರುತ್ತದೆ. ಕೆಳಗಿನ ಬಾಚಿ ಹಲ್ಲುಗಳಿಗೆ ನಾಲಿಗೆಯ ಮರೆಯೂ ಜೊಲ್ಲಿನ ಹರಿವೂ ಇರುವುದರಿಂದ ಅವು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಗೆರೆಯ ಹಂತದಲ್ಲಿ ಹಲ್ಲು ತಾನು ಕಳೆದುಕೊಂಡ ಖನಿಜವನ್ನು ಮತ್ತೆ ತುಂಬಿಕೊಳ್ಳಬಲ್ಲದು. ಕುಳಿ ಬಿದ್ದ ಮೇಲೆ ಆ ಅವಕಾಶವಿಲ್ಲ. ಈ ಗೆರೆಯನ್ನು ಕಾಣುವ ವಿದ್ಯೆ ಬೆಳೆದ ದಾರಿ ವಿಚಿತ್ರವಾಗಿದೆ. ಉಪಕರಣಗಳ ಬೆನ್ನು ಹತ್ತಿ ಬಹುದೂರ ಹೋಗಿ, ಅದು ಮತ್ತೆ ಬರಿಗಣ್ಣಿಗೇ ಬಂದು ನಿಂತಿದೆ. ದಂತವೈದ್ಯರು ದೂರವಿರುವ, ಆಂಧ್ರದ ಆದೋನಿ ಸೀಮೆಯ ಕೌತಾಳಂನಂಥ ಊರಿಗೆ ಇದರಿಂದ ಲಾಭವಾಗಬೇಕಿತ್ತು.

ಹಲ್ಲನ್ನು ಹುಳ ತಿನ್ನುತ್ತದೆ ಎಂಬ ನಂಬಿಕೆಯನ್ನು ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲೇ ತಳ್ಳಿಹಾಕಿದ. ನಿಜವಾದ ಕಾರಣ ಸ್ಪಷ್ಟವಾಗಲು 1890ರ ತನಕ ಕಾಯಬೇಕಾಯಿತು: ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳಿಂದ ಆಮ್ಲ ತಯಾರಿಸುತ್ತವೆ, ಆ ಆಮ್ಲ ಎನಾಮೆಲನ್ನು ಕರಗಿಸುತ್ತದೆ ಎಂದು ಡಬ್ಲ್ಯು. ಡಿ. ಮಿಲ್ಲರ್ ತೋರಿಸಿದರು. ಕಾರಣ ತಿಳಿದರೂ ಪತ್ತೆ ಮಾಡುವ ಕ್ರಮ ಮಾತ್ರ ಒರಟಾಗಿಯೇ ಉಳಿಯಿತು. ಚೂಪಾದ ಕಡ್ಡಿಯನ್ನು ಹಲ್ಲಿನ ಸಂದಿಗೆ ಒತ್ತುವುದು, ಅದು ಸಿಕ್ಕಿಕೊಂಡರೆ ಹುಳುಕು ಎನ್ನುವುದು. ಇಪ್ಪತ್ತನೆಯ ಶತಮಾನದ ಬಹುಭಾಗ ದಂತವೈದ್ಯರು ಕಲಿತದ್ದು ಇದನ್ನೇ. 1925ರಲ್ಲಿ ಹೋವರ್ಡ್ ರೇಪರ್ ರೂಪಿಸಿದ, ಕಚ್ಚಿ ಹಿಡಿದು ತೆಗೆಯುವ ಎಕ್ಸ್‌ರೇ, ಎರಡು ಹಲ್ಲುಗಳ ನಡುವೆ ಅಡಗಿದ ಹುಳುಕನ್ನು ತೋರಿಸಿತು. ಅದು ದೊಡ್ಡ ಹೆಜ್ಜೆಯೇ, ಆದರೆ ಎರಡು ವರ್ಷದ ಮಗು ಫಿಲ್ಮ್ ಕಚ್ಚಿಕೊಂಡು ಸುಮ್ಮನೆ ಕೂರುವುದಿಲ್ಲ. 1987ರಲ್ಲಿ ಡೆನ್ಮಾರ್ಕಿನ ಎಕ್‌ಸ್ಟ್ರಾಂಡ್ ಮತ್ತು ಸಂಗಡಿಗರು ಇನ್ನೊಂದು ಮುಜುಗರದ ಸಂಗತಿ ಹೊರಗೆಡವಿದರು: ಇನ್ನೂ ಕುಳಿ ಬೀಳದ ಮೆತ್ತಗಿನ ಎನಾಮೆಲನ್ನು ಕಡ್ಡಿಯೇ ಒಡೆಯುತ್ತದೆ. ಅಂದರೆ ರೋಗ ಹುಡುಕುವ ಸಲಕರಣೆಯೇ ಕುಳಿ ತೋಡುತ್ತಿತ್ತು. 1990ರ ದಶಕದ ಕೊನೆಗೆ ಬಂದ ಲೇಸರ್ ಉಪಕರಣ ಅಂಕಿಗಳಲ್ಲಿ ಉತ್ತರ ಕೊಡುತ್ತದೆ, ಆದರೆ ಹಲ್ಲಿನ ಕಲೆ ಕೊಳೆಗಳನ್ನೂ ಹುಳುಕೆಂದು ಎಣಿಸಿಬಿಡುತ್ತದೆ. ಕೊನೆಗೆ 2002ರಿಂದ ರೂಪುಗೊಂಡ ಐಸಿಡಿಎಎಸ್ ಎಂಬ ಅಂತರರಾಷ್ಟ್ರೀಯ ಕ್ರಮ ಕಣ್ಣನ್ನೇ ಮುಂದಕ್ಕೆ ತಂದಿತು. ಹಲ್ಲು ಶುಚಿ ಮಾಡಿ ನೋಡು. ಐದು ಸೆಕೆಂಡ್ ಒಣಗಿಸಿದ ಮೇಲಷ್ಟೇ ಬಿಳಿ ಕಂಡರೆ ಒಂದನೆಯ ಹಂತ, ಒದ್ದೆಯಿದ್ದಾಗಲೇ ಕಂಡರೆ ಎರಡನೆಯದು.

ಹಾಗಾದರೆ ಆ ಗೆರೆ ನಮ್ಮ ಲೆಕ್ಕಕ್ಕೆ ಯಾಕೆ ಬರುವುದಿಲ್ಲ? ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಹುಳುಕು ಸಿಕ್ಕಿತು. ಇಂಥ ಸಮೀಕ್ಷೆಗಳು ವಾಡಿಕೆಯಾಗಿ ಅನುಸರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಲ್ಲಿ ಕುಳಿ ಬಿದ್ದದ್ದಷ್ಟೇ ಹುಳುಕು, ಬಿಳಿ ಗೆರೆಯ ಹಲ್ಲು ಆರೋಗ್ಯವಂತ ಹಲ್ಲಿನ ಸಾಲಿಗೆ ಸೇರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕೆಂಬ ನಿಯಮವಿದೆ, ಹಲ್ಲಿನ ತೊಂದರೆಯೂ ಆ ಪಟ್ಟಿಯಲ್ಲಿದೆ. ಅಲ್ಲಿಯೂ ಬೇಗ ಕಣ್ಣಿಗೆ ಬೀಳುವುದು ಕಪ್ಪು ಕುಳಿಯೇ. (ಕರ್ನಾಟಕದ ದಂತಭಾಗ್ಯ ಹಲ್ಲು ಹೋದ ಬಡ ಹಿರಿಯರಿಗೆ ಕಟ್ಟುಹಲ್ಲು ಕೊಡುತ್ತದೆ. ಬೇಕಾದ ಯೋಜನೆಯೇ, ಆದರೆ ನಮ್ಮ ಸರ್ಕಾರಗಳಿಗೆ ಹಲ್ಲು ನೆನಪಾಗುವ ಹೊತ್ತು ಯಾವುದೆಂದೂ ಅದು ಹೇಳುತ್ತದೆ.)

ಕಣ್ಣನ್ನು ನಂಬುವುದಕ್ಕೆ ಈ ಸೀಮೆಯಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ರಾಯಲಸೀಮೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಿಂದಿನ ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಕಡೆಯ ಹಳ್ಳಿಗಳಲ್ಲಿ ಅದರಿಂದ ಬರುವ ಫ್ಲೋರೋಸಿಸ್ ಕಾಯಿಲೆ ಇರುವುದು 1937ರಲ್ಲೇ ವರದಿಯಾಯಿತು. ಆಗ ಆದೋನಿ ತಾಲೂಕು ಅದೇ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಫ್ಲೋರೋಸಿಸ್ ಕೂಡ ಹಲ್ಲನ್ನು ಬಿಳಿ ಮಾಡುತ್ತದೆ, ಹಾಗಾದರೆ ಅಂಗನವಾಡಿ ಕಾರ್ಯಕರ್ತೆ ಯಾವ ಬಿಳಿಯನ್ನು ಹುಳುಕೆನ್ನಬೇಕು? ಗೊಂದಲ ನಿಜ, ಆದರೆ ಬಿಡಿಸಲಾರದ್ದಲ್ಲ. ಫ್ಲೋರೋಸಿಸ್‌ನ ಬಿಳಿ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ, ಅಡ್ಡಡ್ಡ ಎಳೆಗಳಾಗಿ, ಅಂಚಿಲ್ಲದೆ ಹರಡಿರುತ್ತದೆ; ಹಾಲು ಹಲ್ಲಿನಲ್ಲಿ ಕಾಯಂ ಹಲ್ಲಿಗಿಂತ ಕಡಿಮೆ ಕಾಣುತ್ತದೆ. ಹುಳುಕಿನ ಬಿಳಿ ವಸಡಿನ ಬಾಗನ್ನೇ ಅನುಸರಿಸುತ್ತದೆ, ಅದರ ಮೇಲೆ ಸಾಮಾನ್ಯವಾಗಿ ಪಾಚಿ ಕೂತಿರುತ್ತದೆ, ಒರೆಸಿದರೆ ಹೊಳಪಿಲ್ಲದೆ ಮಂಕಾಗಿ ಉಳಿಯುತ್ತದೆ. ಮೇಲಿನ ತುಟಿ ಎತ್ತಿ, ಬಟ್ಟೆಯಿಂದ ಹಲ್ಲು ಒರೆಸಿ ನೋಡುವುದನ್ನು ಕಲಿಸಲು ದಂತ ಕಾಲೇಜು ಬೇಕಿಲ್ಲ. ಬಿಳಿ ಗೆರೆಗೆ ಮದ್ದು ಫ್ಲೋರೈಡ್ ವಾರ್ನಿಶ್. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವಾಗ ಹಲ್ಲಿಗೆ ಇನ್ನಷ್ಟು ಹಚ್ಚುವುದೇ ಎಂಬ ಅಂಜಿಕೆಯೂ ಸಹಜ. ಫ್ಲೋರೋಸಿಸ್ ಬರುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ದಿನದಿನವೂ ಹೊಟ್ಟೆಗೆ ಹೋಗುವ ಫ್ಲೋರೈಡ್‌ನಿಂದ. ವರ್ಷಕ್ಕೆ ಎರಡು ಸಲ, ತೆಳುವಾಗಿ ಹಚ್ಚುವ ವಾರ್ನಿಶ್‌ನ ಲೆಕ್ಕ ಬೇರೆ. ಫ್ಲೋರೋಸಿಸ್ ಇದ್ದ ಹಲ್ಲಿಗೆ ಹುಳುಕು ಬರುವುದಿಲ್ಲ ಎಂದೂ ಅಲ್ಲ.

ಹಾಲು ಹಲ್ಲು ಹೇಗೂ ಬೀಳುತ್ತದೆ ಎನ್ನುವವರಿಗೆ ಉತ್ತರ ದವಡೆ ಹಲ್ಲಿನಲ್ಲಿದೆ. ಹಾಲಿನ ದವಡೆ ಹಲ್ಲುಗಳು ಹತ್ತು ಹನ್ನೆರಡನೆಯ ವಯಸ್ಸಿನವರೆಗೂ ಊಟ ಅಗಿಯಬೇಕು, ಮುಂದಿನ ಹಲ್ಲಿಗೆ ಜಾಗ ಕಾಯಬೇಕು. ಅವುಗಳ ಹಿಂದೆ ಆರನೆಯ ವರ್ಷಕ್ಕೆ ಯಾವ ಹಲ್ಲೂ ಬೀಳದೆಯೇ ಮೊದಲ ಕಾಯಂ ದವಡೆ ಹಲ್ಲು ಹುಟ್ಟುತ್ತದೆ. ಅದನ್ನೂ ಹಾಲು ಹಲ್ಲೆಂದೇ ಬಗೆದು ಹುಳುಕಿಗೆ ಬಿಟ್ಟ ಮನೆಗಳು ಕಡಿಮೆಯಲ್ಲ. ಇದಕ್ಕಿಂತ ಭಾರವಾದ ಆಕ್ಷೇಪ ಸಂಶೋಧನೆಯಿಂದಲೇ ಬಂದಿದೆ: ಶಾಲೆಯಲ್ಲಿ ತಪಾಸಣೆ ಮಾಡಿ ಚೀಟಿ ಬರೆದು ಕಳಿಸುವುದರಿಂದ ಮಕ್ಕಳು ದಂತವೈದ್ಯರ ಹತ್ತಿರ ಹೋಗುವುದು ಹೆಚ್ಚುತ್ತದೆ ಎನ್ನಲು ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಪರಾಮರ್ಶೆಗೆ ಗಟ್ಟಿ ಪುರಾವೆ ಸಿಗಲಿಲ್ಲ. ಒಪ್ಪಬೇಕಾದ ಮಾತಿದು. ಕೂಲಿ ಬಿಟ್ಟು, ಬಸ್ಸು ಹಿಡಿದು ಆದೋನಿಗೋ ಕರ್ನೂಲಿಗೋ ಹೋಗು ಎನ್ನುವ ಚೀಟಿ ಚೀಟಿಯಾಗಿಯೇ ಉಳಿಯುತ್ತದೆ. ಆದ್ದರಿಂದ ನೋಡಿದ ಜಾಗದಲ್ಲೇ ಮದ್ದು ಸಿಗಬೇಕು. ಬಿಳಿ ಗೆರೆಗೆ ವಾರ್ನಿಶ್ ಇದೆ. ಕುಳಿ ಬಿದ್ದಿದ್ದರೆ, ನೋವು ಕೀವು ಇಲ್ಲದಿದ್ದಲ್ಲಿ, ಸಿಲ್ವರ್ ಡೈಅಮೈನ್ ಫ್ಲೋರೈಡ್ ಇದೆ. ಎರಡಕ್ಕೂ ಸೂಜಿಯೂ ಬೇಡ, ಕೊರೆಯುವ ಯಂತ್ರವೂ ಬೇಡ. ಎರಡನೆಯದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. ಹುಳುಕಿನ ಜಾಗವನ್ನು ಅದು ಕಪ್ಪಾಗಿಸುತ್ತದೆ ಎಂಬುದನ್ನು ತಾಯಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಕೌತಾಳಂ, ಕೋಸಿಗಿ ಕಡೆ ಅದನ್ನು ತೆಲುಗಿನ ಜೊತೆಗೆ ಕನ್ನಡದಲ್ಲೂ ಹೇಳಬೇಕಾಗುತ್ತದೆ. ತಪಾಸಣೆಯ ತಿಂಗಳನ್ನೂ ಇಲ್ಲಿಯ ಬದುಕು ನೋಡಿಯೇ ಗೊತ್ತುಮಾಡಬೇಕು: ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಳೆ ಹೋಗುವ ಸಂಸಾರಗಳು ಮಕ್ಕಳನ್ನೂ ಕರೆದೊಯ್ಯುತ್ತವೆ, ಅವರು ಹೊರಟ ಮೇಲೆ ಅಂಗನವಾಡಿಗೆ ಬಂದ ವೈದ್ಯ ತಂಡಕ್ಕೆ ಸಿಗುವುದು ಊರಲ್ಲಿ ಉಳಿದವರ ಹಲ್ಲು ಮಾತ್ರ.