ಹೊಳೆಯಾಚೆಯ ಊರು, ಹೊಳೆಯೀಚೆಯ ಕಾಗದ

ಮಾನ್ವಿಯ ನಮ್ಮ ಹಳೇ ಮನೆಯ ಟ್ರಂಕಿನಲ್ಲಿ ಉರ್ದುವಿನ ಒಂದು ಕಾಗದವಿದೆ. ಮಡಿಕೆಗಳಲ್ಲಿ ಹರಿದುಹೋಗಿದೆ. ಅದು ಮುತ್ತಜ್ಜನ ಮುಲ್ಕಿ ಪ್ರಮಾಣಪತ್ರ. ನಿಜಾಮರ ಕಾಲದ ಸರ್ಕಾರಿ ನೌಕರಿಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನಾನು ಅದನ್ನು ಎಷ್ಟೋ ಸಲ ಬಿಡಿಸಿ ನೋಡಿದ್ದೆ. ಈ ಬೇಸಿಗೆಯಲ್ಲಿ ದೊಡ್ಡಮ್ಮನ ಮಗ ತನ್ನ ಅಮೆರಿಕದ ಕಾಗದಗಳನ್ನು ಅದೇ ಮಂಚದ ಮೇಲೆ ಹರವಿ ಕೂತಾಗಲೇ ಅದು ಸರಿಯಾಗಿ ಅರ್ಥವಾಗಿದ್ದು.

ಮುಲ್ಕಿ ಎಂದರೆ ನಾಡಿನವನು. ಉತ್ತರದಿಂದ ಬಂದವರೇ ಹೈದರಾಬಾದಿನ ದೊಡ್ಡ ಹುದ್ದೆಗಳನ್ನೆಲ್ಲ ಹಿಡಿಯುತ್ತಿದ್ದಾರೆ ಎಂಬ ಅಸಮಾಧಾನ 19ನೇ ಶತಮಾನದ ಕೊನೆಯಿಂದಲೇ ಇತ್ತು. 1919ರ ಮುಲ್ಕಿ ನಿಯಮಗಳು ಅದಕ್ಕೊಂದು ಚೌಕಟ್ಟು ಹಾಕಿದವು. ಹೊರಗಿನವನು ಮುಲ್ಕಿಯಾಗಬೇಕಾದರೆ ಸಂಸ್ಥಾನದಲ್ಲಿ ಕನಿಷ್ಠ 15 ವರ್ಷ ಕಾಯಂ ವಾಸವಿರಬೇಕು. ಜೊತೆಗೆ, ಹಿಂದಿನ ಊರಿಗೆ ಮರಳುವ ಯೋಚನೆಯನ್ನೇ ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಮಾಡಬೇಕು.

ಮುತ್ತಜ್ಜನ ಹಿಂದಿನ ಊರು ತುಂಗಭದ್ರೆಯ ಆಚೆ ದಂಡೆಯಲ್ಲಿತ್ತು, ಆದೋನಿ ತಾಲೂಕಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಈಚೆ ಹಾಲಿ ಸಿಕ್ಕಾ ರೂಪಾಯಿ, ಆಚೆ ಕಲ್ದಾರ್. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ನಡೆದೇ ಹೋಗಬಹುದಿತ್ತು. ಮರಳುವುದಿಲ್ಲ ಎಂದು ಬರೆದುಕೊಟ್ಟವನು ಪ್ರತಿ ವರ್ಷ ಆರಾಧನೆಗೆ ಹರಿಗೋಲು ಹತ್ತಿ ಮಂತ್ರಾಲಯಕ್ಕೆ ಹೋಗಿ, ತಾಯಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತಿದ್ದನಂತೆ. ದೇವದುರ್ಗದವರಿಗೆ ಈ ಫಜೀತಿ ಇರಲಿಲ್ಲ ಬಿಡಿ. ಅವರ ಕೃಷ್ಣೆಯ ಆಚೆಗಿದ್ದ ಸುರಪುರವೂ ನಿಜಾಮರದೇ.

ಮುತ್ತಜ್ಜಿಯೂ ಆಚೆಯವಳೇ. ಆದರೆ ಅವಳ ಹೆಸರಿನ ಕಾಗದ ಟ್ರಂಕಿನಲ್ಲಿಲ್ಲ, ಬೇಕಾಗಿಯೂ ಇರಲಿಲ್ಲ. ಮುಲ್ಕಿಯ ಹೆಂಡತಿ ಮುಲ್ಕಿ ಎಂದು ಆ ನಿಯಮಗಳೇ ಹೇಳುತ್ತಿದ್ದವು. ಹೆಣ್ಣಿಗೆ ಸ್ವಂತ ಊರೇ ಇಲ್ಲ ಎಂಬ ಹಳೆಯ ನಂಬಿಕೆಯ ಫಲ ಇದು, ಹೊಗಳಬೇಕಾದ್ದೇನಿಲ್ಲ. ಆದರೂ ಅವಳು ಒಂದು ದಿನವೂ ಸಾಲಿನಲ್ಲಿ ನಿಲ್ಲಲಿಲ್ಲ.

ನಮ್ಮ ಅಣ್ಣನ ಹೆಂಡತಿ ನಿಂತಿದ್ದಾಳೆ. ಅಣ್ಣನಿಗೆ ಗ್ರೀನ್ ಕಾರ್ಡ್ ಬಂದ ಮೇಲೆ ದೇವದುರ್ಗದ ಹುಡುಗಿಯ ಜೊತೆ ಮದುವೆಯಾಯಿತು. ಮೊದಲೇ ಆಗಿದ್ದರೆ ಅವನ ವೀಸಾದ ಜೊತೆಗೇ ಅವಳಿಗೂ ದಾರಿಯಿತ್ತು. ಅಮೆರಿಕದ ಪೌರನ ಹೆಂಡತಿಗೆ ವಾರ್ಷಿಕ ಮಿತಿಯಿಲ್ಲ, ಕಾಯಂ ನಿವಾಸಿಯ ಹೆಂಡತಿಗೆ ಇದೆ. ಈ ಸಾಲು ಹಳೆಯದು. 1928ರಲ್ಲೇ ಅಲ್ಲಿನ ಕಾನೂನು ಕಾಯಂ ನಿವಾಸಿಗಳ ಹೆಂಡತಿಯರಿಗೆ ಕೋಟಾದೊಳಗೆ ಆದ್ಯತೆ ಕೊಟ್ಟಿತ್ತು. ಆಗ ನಮ್ಮವರಿಗೆ ಬಾಗಿಲೇ ಮುಚ್ಚಿತ್ತು, 1946ರಲ್ಲಿ ತೆರೆದಾಗಲೂ ವರ್ಷಕ್ಕೆ 100 ಮಂದಿ ಮಾತ್ರ. ಇತ್ತೀಚೆಗೆ, 2019ರ ಜುಲೈಯಿಂದ ಸುಮಾರು ನಾಲ್ಕು ವರ್ಷ ಈ ವರ್ಗಕ್ಕೆ ಕಾಯುವಿಕೆಯೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ಸಾಲು ಮತ್ತೆ ಹುಟ್ಟಿತು. ಅಣ್ಣನ ಮದುವೆ ಅದಾದ ಮೇಲಿನದು.

ಹೆಂಡತಿಯ ಜೊತೆ ಇರೋಣವೆಂದು ಅವನು ಬಂದ. ಬರುವ ಮುನ್ನ ಅಲ್ಲಿದ್ದುಕೊಂಡೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿದ್ದ. ಅದಿಲ್ಲದೆ ಒಂದು ವರ್ಷ ಮೀರಿ ಹೊರಗಿದ್ದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲಾಗದು. 1924ರಲ್ಲಿ ಈ ಪರ್ಮಿಟ್ ಶುರುವಾದಾಗ ಅವಧಿ ಒಂದು ವರ್ಷ, ಈಗ ಹೆಚ್ಚೆಂದರೆ ಎರಡು. ಪರ್ಮಿಟ್ ಇದ್ದ ಮಾತ್ರಕ್ಕೂ ವಾಸ ಉಳಿಯಿತೆಂದಲ್ಲ. ಹೊರಗಿರುವುದು ತಾತ್ಕಾಲಿಕವೇ, ಅಲ್ಲಿನ ಮನೆ ಬಿಟ್ಟಿಲ್ಲವೇ ಎಂದು ಅಧಿಕಾರಿ ಕೇಳಬಹುದು. 1988ರ ಒಂದು ಪ್ರಕರಣದಲ್ಲಿ, ಜಪಾನಿನಲ್ಲಿದ್ದ ಗಂಡನ ಜೊತೆ ಉಳಿದ ಮಹಿಳೆ ಅಮೆರಿಕದ ವಾಸವನ್ನೇ ತೊರೆದಂತೆ ಎಂದು ತೀರ್ಮಾನವಾಯಿತು. ಮುಂದೊಂದು ದಿನ ಮರಳುತ್ತೇನೆಂಬ ಆಸೆ ಸಾಲದಾಯಿತು.

ಹಾಗಾಗಿ ಮಂಚದ ಮೇಲಿದ್ದದ್ದು ಟೆಕ್ಸಾಸ್‌ನ ಬಾಡಿಗೆ ಕರಾರು, ನಿವಾಸಿಯಾಗಿ ತುಂಬಿದ ತೆರಿಗೆ ಪತ್ರ, ಬ್ಯಾಂಕ್ ಪಟ್ಟಿ, ಡ್ರೈವಿಂಗ್ ಲೈಸೆನ್ಸ್. ಪಕ್ಕದಲ್ಲಿ ಮುತ್ತಜ್ಜನ ಕಾಗದ. ಒಬ್ಬ ಮರಳುವುದಿಲ್ಲವೆಂದು ಸಾಬೀತು ಮಾಡಿದ, ಇನ್ನೊಬ್ಬ ಮರಳುತ್ತೇನೆಂದು ಸಾಬೀತು ಮಾಡಬೇಕು. ಮುಲ್ಕಿ ನೌಕರಿಯ ಹಕ್ಕಷ್ಟೇ, ಗಡಿ ದಾಟುವ ಪರವಾನಗಿ ಅಲ್ಲ, ಹಾಗಾಗಿ ಹೋಲಿಕೆಯನ್ನು ಬಹಳ ಎಳೆಯಬಾರದು ಎಂದು ನನ್ನೊಳಗಿನ ಸಂಶೋಧಕ ಎಚ್ಚರಿಸುತ್ತಾನೆ. ಆದರೆ ಎರಡೂ ಕಡೆ ಸರ್ಕಾರ ಕೇಳಿದ್ದು ಮನಸ್ಸಿನೊಳಗಿನ ಊರು ಯಾವುದೆಂದು. ಹೆಂಡತಿಯ ಪಕ್ಕದಲ್ಲಿ ಕಳೆದ ಪ್ರತಿ ತಿಂಗಳೂ ಅಣ್ಣನ ವಿರುದ್ಧದ ಸಾಕ್ಷಿಯಾಗುವುದು ನನಗೆ ಕ್ರೂರವೆನಿಸುತ್ತದೆ. ಅವಳಿಗಾಗಿ ಇಲ್ಲೇ ಉಳಿದು ಕಾರ್ಡ್ ಕಳೆದುಕೊಂಡರೆ ಅವಳ ಅರ್ಜಿಯೂ ಬಿದ್ದುಹೋಗುತ್ತದೆ.

ಮುತ್ತಜ್ಜನ ಕಾಗದಕ್ಕೆ ಬೇಗ ವಯಸ್ಸಾಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮುಲ್ಕಿಯ ಜಗಳ ತೆಲಂಗಾಣದಲ್ಲಿ ಉಳಿದು, 1972ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನನ್ನ ಬಳಿ ಈಗ 371(ಜೆ) ಪ್ರಮಾಣಪತ್ರವಿದೆ. ಅದೂ ಹುಟ್ಟು, ವಾಸಗಳ ಲೆಕ್ಕವೇ.

ಪರ್ಮಿಟ್ ಮುಗಿಯಲು ಮೂರು ವಾರ ಇರುವಾಗ ಅಣ್ಣ ರಾಯಚೂರು ಸ್ಟೇಷನ್ನಿನಲ್ಲಿ ಹೈದರಾಬಾದಿನ ಗಾಡಿ ಹತ್ತಿದ. ಗಾಡಿ ಕೃಷ್ಣೆಯ ಸೇತುವೆ ದಾಟುವ ಹೊತ್ತಿಗೆ ಅತ್ತಿಗೆ ಮತ್ತು ನಾನು ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸಿಗೆ ಕಾಯುತ್ತಿದ್ದೆವು.